ಆಪ್ತಸಲಹೆ ಪ್ರಕರಣ: ಹತ್ತು ಕೈಗಳ ಹಬ್ಬ, ಒಬ್ಬಳೇ ತಾಯಿ

ಈ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಕೆಲಸ, ಬಡಾವಣೆ, ಮಕ್ಕಳ ವಯಸ್ಸು ಎಲ್ಲವನ್ನೂ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಹತ್ತಿರದ ವಯಸ್ಸು. ಹುಟ್ಟಿ ಬೆಳೆದದ್ದು ಮಂಗಳೂರಿನ ಹತ್ತಿರದ ಹಳ್ಳಿಯಲ್ಲಿ, ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯಲ್ಲಿ. ಮದುವೆಯಾದ ಮೇಲೆ ಬೆಂಗಳೂರಿನ ಫ್ಲ್ಯಾಟು. ಮನೆಯಿಂದಲೇ ಅರ್ಧ ದಿನ ಲೆಕ್ಕಪತ್ರ ನೋಡುವ ಕೆಲಸ. ಹತ್ತು ವರ್ಷದ ಮಗಳು, ಆರು ವರ್ಷದ ಮಗ. 2024ರ ಡಿಸೆಂಬರ್ ಮೊದಲ ವಾರದಲ್ಲಿ ನನ್ನ ಹತ್ತಿರ ಬಂದರು. ಕಾರಣ ಮಗಳು ಹೇಳಿದ ಒಂದು ಮಾತು: "ಅಮ್ಮಾ, ಈ ಕ್ರಿಸ್ಮಸ್ ಒಂದ್ಸಲ ಮುಗಿದುಹೋದ್ರೆ ಸಾಕು."

ಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು. ಆ ಮಾತು ಕೇಳಿ ಆಕೆ ಬಚ್ಚಲುಮನೆಗೆ ಹೋಗಿ ಅತ್ತಿದ್ದರು.

ಕ್ರೈಸ್ತರಲ್ಲದ ಓದುಗರಿಗೆ ಒಂದೆರಡು ಮಾತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿರುವ ಅವಧಿಯನ್ನು ಆಗಮನ ಕಾಲ ಅನ್ನುತ್ತಾರೆ. 2024ರಲ್ಲಿ ಅದು ಡಿಸೆಂಬರ್ 1ಕ್ಕೆ ಶುರುವಾಯಿತು. ಚರ್ಚಿನಲ್ಲಿ ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ, ಅದನ್ನು ಹಬ್ಬಕ್ಕೆ ಎತ್ತಿಡುತ್ತಾರೆ. ಮನೆಯಲ್ಲಿ ಹಸಿರೆಲೆಯ ಚಕ್ರ ಮಾಡಿ, ನಾಲ್ಕು ಮೇಣದಬತ್ತಿ ನಿಲ್ಲಿಸಿ, ವಾರಕ್ಕೊಂದು ಹೆಚ್ಚಾಗಿ ಹಚ್ಚುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದ್ದು ಮೂರನೇ ಭಾನುವಾರಕ್ಕೆ. ಒಟ್ಟಿನಲ್ಲಿ ಇದು ಕಾಯುವ ಕಾಲ, ಸಂತೋಷದಿಂದ ಕಾಯುವ ಕಾಲ.

ಆಕೆಯ ಮನೆಯಲ್ಲಿ ಕಾಯುವುದಕ್ಕೆ ಪುರುಸೊತ್ತೇ ಇರಲಿಲ್ಲ. ಸಂಜೆ ಪ್ರಾರ್ಥನೆ, ಮೇಣದಬತ್ತಿ. ಆಮೇಲೆ ಜೆಸ್ಸೆಯ ಮರ. ಜೆಸ್ಸೆ ಎಂದರೆ ರಾಜ ದಾವೀದನ ತಂದೆ. ಒಂದು ಒಣಕೊಂಬೆಗೆ ದಿನಕ್ಕೊಂದು ಚಿಹ್ನೆ ತೂಗುಹಾಕಿ, ಆದಾಮನಿಂದ ಯೇಸುವಿನ ತನಕದ ಕತೆ ಹೇಳುವ ಪದ್ಧತಿ ಅದು. ನೋಹನಿಗೆ ನಾವೆ, ಯಕೋಬನಿಗೆ ಏಣಿ, ಯೋಸೇಫನಿಗೆ ಬಣ್ಣದ ಅಂಗಿ. ಆಕೆ ಎಲ್ಲವನ್ನೂ ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿ ಕೈಯಲ್ಲೇ ಹೊಲಿಯುತ್ತಿದ್ದರು. ಆಮೇಲೆ ಬೈಬಲಿನ ಲೂಕನ ಶುಭಸಂದೇಶದಿಂದ ದಿನಕ್ಕೊಂದು ಅಧ್ಯಾಯ. ಲೂಕನದ್ದು 24 ಅಧ್ಯಾಯ, ಡಿಸೆಂಬರ್ 24ಕ್ಕೆ ಸರಿಯಾಗಿ ಮುಗಿಯುತ್ತದೆ ಅಂತ ಯಾರೋ ಹೇಳಿದ್ದರು. ಆಮೇಲೆ ಒಂದು ಚಿತ್ರಕತೆಯ ಪುಸ್ತಕ. ಡಿಸೆಂಬರ್ 6ಕ್ಕೆ ಸಂತ ನಿಕೋಲಾಸರ ಹೆಸರಲ್ಲಿ ಮಕ್ಕಳ ಶೂಗಳಲ್ಲಿ ಮಿಠಾಯಿ. 13ಕ್ಕೆ ಸಂತ ಲೂಸಿಯ ಹಬ್ಬಕ್ಕೆ ಮಗಳಿಗೆ ಬಿಳಿ ಉಡುಪು, ಬೆಳಗ್ಗೆ ಬೇಗ ಎದ್ದು ಬನ್ನು. ಮಕ್ಕಳು ಮಲಗಿದ ಮೇಲೆ ಕುಸ್ವಾರ್. ಅಂದರೆ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳು: ಕರ್ಜಿಕಾಯಿಯಂಥ ನೆವ್ರಿ, ಹಿಟ್ಟನ್ನು ಸುರುಳಿ ಮಾಡಿ ಕರಿದ ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್, ತುಕ್ಡಿ, ಚಕ್ಕುಲಿ, ಜೊತೆಗೆ ರಮ್ಮಿನಲ್ಲಿ ನೆನೆದ ಹಣ್ಣುಗಳ ಕೇಕು.

ಇದರಲ್ಲಿ ಅರ್ಧದಷ್ಟನ್ನು ಆಕೆಯ ತಾಯಿ ಮಾಡಿದವರಲ್ಲ, ಅಜ್ಜಿ ಕೇಳಿದವರೂ ಅಲ್ಲ. ಬಿಳಿ ಉಡುಪಿನ ಲೂಸಿ ಹಬ್ಬ ಸ್ವೀಡನ್ ಕಡೆಯದು. ಮೇಣದಬತ್ತಿಯ ಚಕ್ರ ಜರ್ಮನಿಯದು. ಇವೆಲ್ಲ ರಾತ್ರಿ ಹನ್ನೊಂದರ ಮೇಲೆ ನೋಡುವ ಫೋನಿನಿಂದ ಮನೆಗೆ ಬಂದಿದ್ದವು. ಊರಿನ ಪದ್ಧತಿಯನ್ನೂ ಬಿಟ್ಟಿರಲಿಲ್ಲ. ಒಂದರ ಮೇಲೊಂದು ಸೇರಿದ್ದವು, ಅಷ್ಟೇ.

ಮೊದಲು ನಾನು ಹಬ್ಬದ ಮಾತೇ ಎತ್ತಲಿಲ್ಲ. ನಿದ್ದೆ ಎಷ್ಟು, ಊಟ ಹೇಗೆ, ಬದುಕೇ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಸಲ ಕೇಳಿದ್ದೇ ಒಳ್ಳೆಯದಾಗುತ್ತದೆ. ಆಕೆಗೆ ಅಂಥ ಯೋಚನೆ ಇರಲಿಲ್ಲ. ಖಿನ್ನತೆಯನ್ನು ಅಂದಾಜು ಮಾಡುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 8 ಅಂಕ ಬಂತು. 27ಕ್ಕೆ 8 ಅಂದರೆ ಸೌಮ್ಯ ಮಟ್ಟ. ನಿದ್ದೆ ಮಾತ್ರ ನಾಲ್ಕೂವರೆ ಗಂಟೆ. ಮೆಟ್ಟಿಲು ಹತ್ತಿದರೆ ಏದುಸಿರು. ಥೈರಾಯ್ಡ್, ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ ಬನ್ನಿ ಎಂದೆ. ಹಿಮೊಗ್ಲೋಬಿನ್ ಕಡಿಮೆ ಇತ್ತು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಮನಸ್ಸಿನ ಸುಸ್ತು ಅಂದುಕೊಂಡಿದ್ದರಲ್ಲಿ ಒಂದು ಪಾಲು ರಕ್ತದ್ದೂ ಆಗಿರುತ್ತದೆ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಮರೆಯಲೇಬಾರದು. ಇದನ್ನು ಓದುವವರಲ್ಲಿ ಯಾರಿಗಾದರೂ ಬದುಕೇ ಬೇಡ ಅನ್ನಿಸುತ್ತಿದ್ದರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮುಂದಿನ ಭೇಟಿಯಲ್ಲಿ ಒಂದು ದೊಡ್ಡ ಹಾಳೆ ಕೊಟ್ಟೆ. ಡಿಸೆಂಬರಿನ ಎಲ್ಲ ಕೆಲಸ ಬರೆಯಿರಿ ಎಂದೆ. ಪಕ್ಕದಲ್ಲಿ ಎರಡು ಸಾಲು: ಇದನ್ನು ಮಾಡುವವರು ಯಾರು? ಇದನ್ನು ನೆನಪಿಟ್ಟುಕೊಳ್ಳುವವರು ಯಾರು? ಮೊದಲ ಸಾಲಿನಲ್ಲಿ ಗಂಡನ ಹೆಸರು ಅಲ್ಲಲ್ಲಿ ಬಂತು. ನಕ್ಷತ್ರ ಕಟ್ಟುವುದು, ಕೇಕಿನ ಡಬ್ಬ ತರುವುದು, ಮಕ್ಕಳನ್ನು ಕ್ಯಾರಲ್ (ಕ್ರಿಸ್ಮಸ್ ಹಾಡು) ಅಭ್ಯಾಸಕ್ಕೆ ಬಿಡುವುದು. ಎರಡನೇ ಸಾಲಿನಲ್ಲಿ ಮೇಲಿನಿಂದ ಕೆಳಗಿನ ತನಕ ಆಕೆಯ ಹೆಸರೇ. ಗಂಡ ಕೆಟ್ಟವರೇನಲ್ಲ. "ಹೇಳಿದ್ರೆ ಮಾಡ್ತೀನಲ್ಲಾ" ಅನ್ನುವವರು. ಆದರೆ ಯಾವುದು, ಯಾವಾಗ, ಎಷ್ಟು ಅಂತ ಯೋಚಿಸಿ ಹೇಳುವುದೇ ಒಂದು ಕೆಲಸ ಅಲ್ವಾ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಮೇಲೆ ಒಂದು ಮನೆಕೆಲಸ ಕೊಟ್ಟೆ. "ಊರಿನಲ್ಲಿ ನಿಮ್ಮ ಅತ್ತೆ ಕುಸ್ವಾರ್ ಮಾಡುತ್ತಿದ್ದಾಗ ಜೊತೆಗೆ ಯಾರ್ಯಾರು ಕೂರುತ್ತಿದ್ದರು ಅಂತ ಫೋನ್ ಮಾಡಿ ಕೇಳಿ. ಬೇರೇನೂ ಕೇಳಬೇಡಿ." ಕುಸ್ವಾರ್ ಕಡಿಮೆಯಾದರೆ ಅತ್ತೆ ಏನನ್ನುತ್ತಾರೋ ಎಂಬ ಭಯ ಆಕೆಗೆ ಬಹಳ ಇತ್ತು. ಅತ್ತೆ ಆ ದಿನ ಅರ್ಧ ಗಂಟೆ ಮಾತಾಡಿದರಂತೆ. ಇಬ್ಬರು ನಾದಿನಿಯರು, ಓರಗಿತ್ತಿ, ಪಕ್ಕದ ಮನೆಯ ಬಂಟರ ಹೆಂಗಸು, ಅವರ ಮಗಳು. ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತು ಬಾಚಣಿಗೆಯ ಹಲ್ಲುಗಳ ಮೇಲೆ ಕಿಡಿಯೊ ಉರುಳಿಸುತ್ತಿದ್ದರು. ಒಬ್ಬರು ಕಾಯಿ ತುರಿದರೆ ಇನ್ನೊಬ್ಬರು ಹಾಲು ಹಿಂಡುತ್ತಿದ್ದರು. ನೆವ್ರಿಯ ಅಂಚು ಮಡಿಸುವುದಕ್ಕೆ ಅಂತಲೇ ಒಬ್ಬರು. ಒಂದೇ ರಾತ್ರಿಯಲ್ಲಿ ಡಬ್ಬಗಳು ತುಂಬುತ್ತಿದ್ದವು. ಕೊನೆಗೆ ಅತ್ತೆಯೇ ಕೇಳಿದರಂತೆ, "ನೀನು ಒಬ್ಬಳೇ ಮಾಡ್ತೀಯಾ? ಎಲ್ಲಾ?"

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸಿದ್ದು ಇದೇ. ಆಕೆ ಸೋಮಾರಿಯಲ್ಲ, ಅಚ್ಚುಕಟ್ಟು ಇಲ್ಲದವರೂ ಅಲ್ಲ. ಹತ್ತು ಕೈಗಳಿಗೆ ಅಂತ ಇದ್ದ ಕೆಲಸ ಎರಡು ಕೈಗಳಿಗೆ ಬಂದಿತ್ತು. ಊರು ಬಿಟ್ಟು ಬಂದಾಗ ತಿಂಡಿಗಳ ಪಟ್ಟಿ ಬಂತು, ಚಾಪೆಯ ಮೇಲೆ ಕೂರುವ ಜನ ಬರಲಿಲ್ಲ. ಇದು ಕ್ಯಾಥೊಲಿಕ್ ಮನೆಗಳ ಮಾತು ಮಾತ್ರ ಅಲ್ಲ. ದೀಪಾವಳಿ, ರಂಜಾನ್ ಮುಗಿಸಿ ಇದೇ ಸುಸ್ತು ಹೊತ್ತು ಬರುವ ಹೆಂಗಸರನ್ನು ನಾನು ನೋಡುತ್ತಲೇ ಇರುತ್ತೇನೆ.

ಆದರೆ ಮಗಳ ಮಾತಿಗೆ ಕಾರಣ ಕುಸ್ವಾರ್ ಅಲ್ಲ. ಅದು ಗೊತ್ತಾದದ್ದು ತಡವಾಗಿ, ಆಕೆ ತುಂಬಾ ಹಿಂಜರಿದು ಹೇಳಿದ ಮೇಲೆ. ಮಕ್ಕಳು ಮಾಡಿದ ಅಲಂಕಾರಗಳನ್ನು ಅವರು ಮಲಗಿದ ಮೇಲೆ ಆಕೆ ಸರಿಪಡಿಸುತ್ತಿದ್ದರು. ಓರೆಯಾದ ನಕ್ಷತ್ರದ ಅಂಟು ಬಿಡಿಸಿ ಮತ್ತೆ ಅಂಟಿಸುವುದು. ಮಗಳು ಹೊಲಿದ ಏಣಿಯ ದಾರ ಬಿಚ್ಚಿ ನೇರವಾಗಿ ಹೊಲಿಯುವುದು. ಮಗಳು ಏನೂ ಹೇಳಿರಲಿಲ್ಲ. ಆದರೆ ಬೆಳಗ್ಗೆ ಎದ್ದು ತನ್ನ ಹೊಲಿಗೆ ತನ್ನದಲ್ಲ ಅನ್ನುವುದು ಹತ್ತು ವರ್ಷದ ಹುಡುಗಿಗೆ ಗೊತ್ತಾಗದೇ ಇರುತ್ತಾ? ಮನೆಯಲ್ಲಿ ಸಹಾಯಕ್ಕೆ ಕೈ ಇಲ್ಲ ಅಂತ ಅಳುತ್ತಿದ್ದ ತಾಯಿ, ಇದ್ದ ನಾಲ್ಕು ಪುಟ್ಟ ಕೈಗಳ ಕೆಲಸವನ್ನು ರಾತ್ರಿ ಅಳಿಸಿಹಾಕುತ್ತಿದ್ದರು. ಇದನ್ನು ಹೀಗೇ ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಚೆನ್ನಾಗಿ ಕಾಣಲಿ ಅಂತ ಮಾಡ್ತಿದ್ದೆ" ಎಂದರು. ಯಾರಿಗೆ ಕಾಣಲಿ ಅಂತ, ಎಂದು ಕೇಳಿದೆ. ಫೋಟೋ ಹಾಕುತ್ತಿದ್ದೆ, ಎಂದರು.

ಇಲ್ಲಿಂದ ಸಲಹೆ ಶುರು. ಮಗಳ ಹತ್ತಿರ ನೇರವಾಗಿ ಮಾತಾಡಿ ಎಂದೆ. "ನಿನ್ನ ಹೊಲಿಗೆ ಬಿಚ್ಚಿದ್ದು ನಾನೇ. ಹಾಗೆ ಮಾಡಬಾರದಿತ್ತು." ಇಷ್ಟು ಸಾಕು, ಉದ್ದದ ವಿವರಣೆ ಬೇಡ. ಇನ್ನು ಮೇಲೆ ಮಕ್ಕಳು ಮಾಡಿದ್ದನ್ನು ಮುಟ್ಟಬಾರದು, ಆಗಮನ ಕಾಲ ಮುಗಿಯುವ ತನಕ ಮನೆಯ ಫೋಟೋ ಎಲ್ಲೂ ಹಾಕಬಾರದು. ಜೆಸ್ಸೆಯ ಮರ ಪೂರ್ತಿ ಮಕ್ಕಳದ್ದು. ಫೆಲ್ಟ್ ಬೇಡ, ಕಾಗದ ಮತ್ತು ಕ್ರೇಯಾನ್ ಸಾಕು. ಒಂದು ದಿನ ತಪ್ಪಿದರೆ ತಪ್ಪಲಿ.

ಓದಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಿತ್ತು. ಲೂಕನ ಮೊದಲ ಅಧ್ಯಾಯದಲ್ಲೇ 80 ವಚನಗಳಿವೆ. ಡಿಸೆಂಬರ್ 1ರ ರಾತ್ರಿ ಅಷ್ಟನ್ನೂ ಓದಿಸಿಕೊಂಡ ಆರು ವರ್ಷದ ಮಗ ಅತ್ತೇಬಿಟ್ಟಿದ್ದ. ಅವನಿಗೆ 24 ಅಧ್ಯಾಯ ಯಾಕೆ? ಮೊದಲ ಎರಡು ಅಧ್ಯಾಯ ಸಾಕು. ನಾಲ್ಕು ವಾರಕ್ಕೆ ಹಂಚಿಕೊಳ್ಳಿ, ದಿನಕ್ಕೆ ಐದಾರು ವಚನ. ಜಕರೀಯನ ಮಾತು ನಿಂತುಹೋದದ್ದು, ದೇವದೂತ ಮರಿಯಳ ಹತ್ತಿರ ಬಂದದ್ದು, ಕುರುಬರು ಬಂದದ್ದು. ಮಕ್ಕಳು ಪ್ರಶ್ನೆ ಕೇಳುವುದಕ್ಕೆ ಜಾಗ ಸಿಗುತ್ತದೆ. ಇದನ್ನು ಮಾತಾಡುವಾಗ ಆಕೆಯೇ ಒಂದು ವಿಷಯ ಎತ್ತಿದರು. ವಯಸ್ಸಾದ ಮೇಲೆ ಬಸುರಿಯಾಗಿದ್ದ ಎಲಿಜಬೆತಳ ಮನೆಗೆ ಮರಿಯ ಹೋಗಿ ಸುಮಾರು ಮೂರು ತಿಂಗಳು ಇದ್ದಳು ಅಂತ ಅದೇ ಅಧ್ಯಾಯದಲ್ಲಿದೆಯಂತೆ. "ಎಲಿಜಬೆತಳಿಗೂ ಜೊತೆಗೆ ಒಬ್ಬರು ಬೇಕಾಯ್ತು" ಎಂದರು. ಕ್ರೈಸ್ತಳಲ್ಲದ ನನಗೆ ಇದು ತೋಚುತ್ತಿರಲಿಲ್ಲ. ಈ ಮಾತು ಅವರಿಂದಲೇ ಬಂದದ್ದು ನಾನು ಹೇಳಿದ್ದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಆಕೆಯ ಸ್ವಂತ ಓದು ನಿಂತು ವರ್ಷಗಳಾಗಿದ್ದವು. ಮದುವೆಗೆ ಮುಂಚೆ ಲೈಬ್ರರಿಯಿಂದ ಕಾದಂಬರಿ ತಂದು ಓದುತ್ತಿದ್ದವರು. ಈಗ ಆ ಹೊತ್ತನ್ನು ಫೋನು ತಿನ್ನುತ್ತಿತ್ತು. ಹತ್ತು ಗಂಟೆಗೆ ಫೋನು ಹಾಲಿನಲ್ಲಿಟ್ಟು ಕಾಲು ಗಂಟೆ ಏನಾದರೂ ಓದಿ ಎಂದೆ. ಧಾರ್ಮಿಕ ಪುಸ್ತಕವೇ ಆಗಬೇಕಿಲ್ಲ, ಮಕ್ಕಳಿಗೆ ಓದಿಹೇಳುವುದಕ್ಕೂ ಅಲ್ಲ, ನಿಮಗೆ.

ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. "ಇದನ್ನೆಲ್ಲ ಬಿಟ್ಟರೆ ಮಕ್ಕಳ ವಿಶ್ವಾಸ ಸಡಿಲ ಆಗುತ್ತಾ? ನನಗೆ ಪಾಪ ಬರುತ್ತಾ?" ಅಂತ ಕೇಳಿದ್ದರು. ಇದಕ್ಕೆ ಉತ್ತರ ಕೊಡುವ ಅಧಿಕಾರ ಆಪ್ತಸಲಹೆಗಾರರಿಗೆ ಇಲ್ಲ. "ಅದೆಲ್ಲ ಏನೂ ಇಲ್ಲ ಬಿಡಿ" ಅಂದುಬಿಟ್ಟರೆ ಆ ಭಯವನ್ನು ನಾವು ಹಗುರ ಮಾಡಿದ ಹಾಗೆ. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ ಎಂದೆ. ಅವರು ಹೇಳಿದ್ದು ಇಷ್ಟಂತೆ: ಭಾನುವಾರದ ಪೂಜೆಗೆ ಬನ್ನಿ, ಮನೆಯಲ್ಲಿ ಆದಷ್ಟು ಪ್ರಾರ್ಥಿಸಿ. ಉಳಿದದ್ದು ಇಷ್ಟವಿದ್ದರೆ ಮಾಡಿ, ಯಾರಿಗೂ ಕಡ್ಡಾಯ ಅಲ್ಲ. ಮೇಣದಬತ್ತಿಯ ಚಕ್ರದ ಕತೆ ಮಾತ್ರ ನಾನು ಹೇಳಿದೆ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ಹಿನ್‌ರಿಶ್ ವಿಶರ್ನ್ ಎಂಬ ಪ್ರಾಟೆಸ್ಟಂಟ್ ಧರ್ಮಶಾಸ್ತ್ರಜ್ಞ ಅದನ್ನು ಶುರುಮಾಡಿದರು. ಹಬ್ಬ ಯಾವಾಗ ಅಂತ ಮಕ್ಕಳು ಕೇಳುತ್ತಲೇ ಇದ್ದುದಕ್ಕೆ ಹಳೆಯ ಬಂಡಿಚಕ್ರದ ಮೇಲೆ ಮೇಣದಬತ್ತಿ ಇಟ್ಟರು. ಮಕ್ಕಳು ದಿನ ಎಣಿಸಲಿ ಅಂತ ಹುಟ್ಟಿದ್ದು ಅದು.

ಗಂಡನಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ, ವಹಿಸಲಾಯಿತು, ಪೂರ್ತಿಯಾಗಿ. ಬೊಂಬೆಗಳ ಪೆಟ್ಟಿಗೆ ಇಳಿಸುವುದರಿಂದ ಹಿಡಿದು ಹಬ್ಬ ಮುಗಿದ ಮೇಲೆ ಕಟ್ಟಿ ಮೇಲಿಡುವ ತನಕ. ಗೋದಲಿಯ ಹುಲ್ಲಿಗೆ ಹತ್ತು ಹನ್ನೆರಡು ದಿನ ಮುಂಚೆಯೇ ತಟ್ಟೆಯಲ್ಲಿ ರಾಗಿ ಬಿತ್ತಬೇಕು. ಅದನ್ನು ಆಕೆ ನೆನಪಿಸಬಾರದು ಅನ್ನುವುದು ಷರತ್ತು. ಆಕೆಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಅವರು ತಡವಾಗಿ ಬಿತ್ತಿದರು. ಹಬ್ಬದ ದಿನ ಪೈರು ಬೆರಳುದ್ದ ಮಾತ್ರ ಇತ್ತು. ಆಕೆ ಬಾಯಿಬಿಡಲಿಲ್ಲ. ಊರಿಗೆ ಫೋನ್ ಮಾಡಿ ಈ ಸಲ ಕುಸ್ವಾರ್ ಎರಡೇ ಬಗೆ, ಉಳಿದದ್ದು ಮಂಗಳೂರಿನ ಬೇಕರಿಯಿಂದ ತರಿಸುತ್ತೇವೆ ಅಂತ ಹೇಳಿದ್ದೂ ಗಂಡನೇ. ತಾಯಿಗೆ ಹೇಳುವ ಮಾತನ್ನು ಮಗನೇ ಹೇಳಬೇಕು, ಸೊಸೆಯ ಕೈಲಿ ಹೇಳಿಸಬಾರದು ಎಂಬ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೆ.

ನೆವ್ರಿ ಮತ್ತು ಕಿಡಿಯೊ ಮಾತ್ರ ಮನೆಯಲ್ಲಿ. ಅದೂ ರಾತ್ರಿ ಒಬ್ಬರೇ ಅಲ್ಲ. ಮೂರನೇ ಭಾನುವಾರದ ಮಧ್ಯಾಹ್ನ ಎದುರು ಮನೆಯ ಅಜ್ಜಿಯನ್ನು, ಹಾಸ್ಟೆಲಿನಲ್ಲಿದ್ದ ತಂಗಿಯ ಮಗಳನ್ನು, ಮಗಳ ಇಬ್ಬರು ಗೆಳತಿಯರನ್ನು ಕರೆದರು. ಎದುರು ಮನೆಯ ಅಜ್ಜಿ ಗೌರಿ ಹಬ್ಬಕ್ಕೆ ಕರ್ಜಿಕಾಯಿ ಮಾಡಿ ಕೈ ಪಳಗಿದವರು. ಎಳ್ಳು ಕೊಬ್ಬರಿ ಹೂರಣ ನೋಡಿದ ತಕ್ಷಣ ಅಂಚು ಮಡಿಸುವ ಕೆಲಸ ತಾವೇ ತೆಗೆದುಕೊಂಡರಂತೆ. ಕಿಡಿಯೊ ಸಣ್ಣದು ದೊಡ್ಡದು ಆದವು. ಲೂಸಿ ಹಬ್ಬ ಬಿಟ್ಟರು, ಯಾರೂ ಕೇಳಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. 2025ರ ಜನವರಿಯಲ್ಲಿ ಬಂದಾಗ ನಿದ್ದೆ ಆರೂವರೆ ಗಂಟೆಗೆ ಬಂದಿತ್ತು, ಪಿಎಚ್‌ಕ್ಯೂ-9 ಅಂಕ 4ಕ್ಕೆ ಇಳಿದಿತ್ತು. ಮಗಳು ಮಾತ್ರ ತನ್ನ ಹೊಲಿಗೆಯನ್ನು ಅಮ್ಮನಿಗೆ ತೋರಿಸುವುದಕ್ಕೆ ಇನ್ನೂ ಹಿಂಜರಿಯುತ್ತಿದ್ದಳು. ಅದಕ್ಕೆ ಟೈಮ್ ಬೇಕು, ಒತ್ತಾಯ ಮಾಡಬೇಡಿ ಎಂದೆ. ಬೇಕರಿಯ ಕುಸ್ವಾರ್ ಬಗ್ಗೆ ಅತ್ತೆಯ ಮನೆಯಲ್ಲಿ ಬೇರೆಯವರು ಒಂದೆರಡು ಮಾತು ಆಡಿದ್ದರು, ಆಕೆಗೆ ನೋವಾಗಿತ್ತು. ಗಂಡನ ಪಾಲಿನ ಕೆಲಸವೂ ಹಬ್ಬ ಮುಗಿದ ಮೇಲೆ ಮತ್ತೆ ಹಳೆಯ ದಾರಿಗೆ ಜಾರುತ್ತಿತ್ತು. ಹಾಗಾಗಿ ಫೆಬ್ರವರಿಯಲ್ಲಿ ಇಬ್ಬರೂ ಒಟ್ಟಿಗೆ ಬರುವುದು ಅಂತ ಗೊತ್ತು ಮಾಡಿದೆವು. 2025ರ ಬೂದಿ ಬುಧವಾರ ಮಾರ್ಚ್ 5ಕ್ಕೆ ಇತ್ತು. ಅಲ್ಲಿಂದ ಈಸ್ಟರ್ ತನಕ ಉಪವಾಸ, ಪ್ರಾರ್ಥನೆಯ ತಪಸ್ಸು ಕಾಲ. ಅದು ಶುರುವಾಗುವುದಕ್ಕೆ ಮುಂಚೆ ಅದೇ ದೊಡ್ಡ ಹಾಳೆಯನ್ನು ಮತ್ತೆ ಹರಡಿ, ಎರಡನೇ ಸಾಲನ್ನು ಆ ಸಲ ಗಂಡನ ಕೈಯಲ್ಲೇ ಬರೆಸಬೇಕು ಅಂತ ಇತ್ತು.