ಓದುಗರ ಪ್ರಶ್ನೆ: ಸೇಂಟ್ ಜಾನ್ ದ್ವೀಪದ ಕಾಡುದಾರಿ, ಕಡಲತೀರ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಊರಿನಿಂದ ಬರುವ ಅಪ್ಪ ಅಮ್ಮನನ್ನು ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಕ್ಕೆ ಸೇರಿದ ಸೇಂಟ್ ಜಾನ್ ದ್ವೀಪದ ವರ್ಜಿನ್ ಐಲೆಂಡ್ಸ್ ನ್ಯಾಷನಲ್ ಪಾರ್ಕಿಗೆ ಕರೆದೊಯ್ಯುವ ಯೋಚನೆಯಿದೆ. ಇಬ್ಬರಿಗೂ ಅರವತ್ತೈದು ದಾಟಿದೆ. ರೀಫ್ ಬೇ ಟ್ರೇಲ್ ನಡೆಯಬಲ್ಲರೆ?

ಉತ್ತರ: ಇಳಿಯಬಲ್ಲರು. ಹತ್ತಬಲ್ಲರೆ ಎಂಬುದನ್ನು ಮೊದಲು ನೋಡಿ. ಸೆಂಟರ್‌ಲೈನ್ ರಸ್ತೆಯಿಂದ ಸಮುದ್ರದವರೆಗೆ 3.5 ಕಿ.ಮೀ., ಸುಮಾರು 280 ಮೀಟರ್ ಇಳಿಜಾರು. ಕಲ್ಲಿನ ಮೆಟ್ಟಿಲುಗಳ ಕಡಿದಾದ ಭಾಗ ಇರುವುದು ಮೇಲ್ತುದಿಯಲ್ಲಿ. ಇಳಿಯುವಾಗ ಅದು ಗೊತ್ತೇ ಆಗುವುದಿಲ್ಲ. ವಾಪಸ್ ಬರುವಾಗ ಕಾಲು ಸೋತ ಮೇಲೆ ಅದೇ ಎದುರಾಗುತ್ತದೆ. ಕಾಡಿನಲ್ಲಿ ನೆರಳಿದ್ದರೂ ಗಾಳಿಯಾಡದೆ ಬೆವರು ಆರುವುದಿಲ್ಲ. ಬೆಳಗ್ಗೆ ಏಳಕ್ಕೇ ಹೊರಡಿ, ತಲೆಗೆ ಕನಿಷ್ಠ ಎರಡು ಲೀಟರ್ ನೀರು ಒಯ್ಯಿರಿ. ಕೆಳಗೆ ಅಂಗಡಿಯಿಲ್ಲ.

ಸುಮಾರು 2.4 ಕಿ.ಮೀ. ಇಳಿದಾಗ ಬಲಕ್ಕೆ ಒಂದು ಕವಲು ಸಿಗುತ್ತದೆ. ಅಲ್ಲಿ ಕೊಳದ ಅಂಚಿನ ಬಂಡೆಯ ಮೇಲೆ, ಕೊಲಂಬಸ್ ಬರುವ ಮೊದಲೇ ಇಲ್ಲಿನ ಮೂಲನಿವಾಸಿ ಟೈನೊ ಜನ ಕೆತ್ತಿದ ಮುಖಗಳಿವೆ. ನೀರು ನಿಶ್ಚಲವಾಗಿದ್ದರೆ ಪ್ರತಿಬಿಂಬ ಸೇರಿ ಜೋಡಿಯಾಗಿ ಕಾಣುತ್ತವೆ. ಗೆರೆ ಕಾಣಲೆಂದು ಬಂಡೆ ಉಜ್ಜಬೇಡಿ. ಇನ್ನೂ ಕೆಳಗೆ ಉಗಿಯಿಂದ ನಡೆಯುತ್ತಿದ್ದ ಸಕ್ಕರೆ ಗಾಣದ ಪಾಳುಕಟ್ಟಡವಿದೆ.

ಮಂಡಿನೋವಿದ್ದರೆ ಅರ್ಧಕ್ಕೆ ಹಿಂತಿರುಗಿದರಾಯಿತು ಎಂದುಕೊಳ್ಳಬೇಡಿ. ಅರ್ಧ ಇಳಿಯುವಷ್ಟರಲ್ಲಿ ಕಡಿದಾದ ಭಾಗವೆಲ್ಲ ಮುಗಿದಿರುತ್ತದೆ, ಅಷ್ಟನ್ನೂ ಹತ್ತಲೇಬೇಕು. ಹಿರಿಯರಿಗೆ ನಮ್ಮ ಆಯ್ಕೆ ಲೀನ್‌ಸ್ಟರ್ ಬೇ ದಾರಿ: ದಡದಗುಂಟ ಸಮತಟ್ಟಾಗಿ 1.3 ಕಿ.ಮೀ. ಕೊನೆಯಲ್ಲಿ ಕಾಣುವ ವಾಟರ್‌ಲೆಮನ್ ಕೇ ಎಂಬ ಪುಟ್ಟ ದ್ವೀಪದ ಸುತ್ತ ನೀರಿನ ಸೆಳೆತವಿದೆ. ಸ್ನಾರ್ಕೆಲ್ ಮಾಡುವವರು (ಉಸಿರಾಟದ ನಳಿಕೆ ಕಚ್ಚಿ ಈಜುವವರು) ಒಬ್ಬರೇ ಇಳಿಯಬಾರದು.

ಪ್ರಶ್ನೆ: ಎಚ್-1ಬಿ ವೀಸಾದವರಿಗೆ ಏನು ದಾಖಲೆ ಬೇಕು?

ಉತ್ತರ: ಹೋಗುವಾಗ ಬೇರೆ ವೀಸಾ ಬೇಡ. ಆದರೆ ಮರಳುವಾಗ ಪಕ್ಕದ ಸೇಂಟ್ ಥಾಮಸ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಶನ್ ತಪಾಸಣೆ ಇದೆ. ಮೂಲ ಪಾಸ್‌ಪೋರ್ಟ್, ಐ-797 (ಎಚ್-1ಬಿ ಮಂಜೂರಾತಿ ಪತ್ರ), ಐ-94 (ಅಮೆರಿಕ ಪ್ರವೇಶದ ದಾಖಲೆ) ಕೈಯಲ್ಲಿರಲಿ. ಸೇಂಟ್ ಜಾನ್‌ನಲ್ಲಿ ವಿಮಾನ ನಿಲ್ದಾಣವಿಲ್ಲ. ಸೇಂಟ್ ಥಾಮಸ್‌ನ ರೆಡ್ ಹುಕ್‌ನಿಂದ ಫೆರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ. ಗಾಡಿ ಓಡಿಸುವುದು ನಮ್ಮೂರಿನಂತೆ ಎಡಬದಿಯಲ್ಲಿ, ಆದರೆ ಸ್ಟಿಯರಿಂಗೂ ಎಡಕ್ಕೇ! ತಿರುವುಗಳಲ್ಲಿ ಹುಷಾರು.

ಪ್ರಶ್ನೆ: ಕಡಲತೀರದಲ್ಲಿ ಯಾವುದೋ ವಿಷದ ಮರ ಇದೆಯಂತೆ, ನಿಜವೆ?

ಉತ್ತರ: ನಿಜ, ಮ್ಯಾಂಚಿನೀಲ್. ನಮ್ಮ ಕಳ್ಳಿಯ ಕುಟುಂಬದ್ದೇ. ಹಾಲು ಇನ್ನೂ ಉಗ್ರ. ಎಲೆ ಹೊಳೆಯುವ ಹಸಿರು, ನಡುನರ ಹಳದಿ, ಕಾಯಿ ಪುಟ್ಟ ಹಸಿರು ಸೇಬಿನಂತೆ, ವಾಸನೆಯೂ ಘಮ್ಮೆನ್ನುತ್ತದೆ. ಮಕ್ಕಳು ಬಾಯಿಗಿಡುವುದು ಅದಕ್ಕೇ. ಮಳೆ ಬಂತೆಂದು ಇದರಡಿ ನಿಂತರೆ ತೊಟ್ಟಿಕ್ಕುವ ಹನಿಯಿಂದಲೇ ಬೊಬ್ಬೆ ಏಳುತ್ತದೆ. ತಾಗಿದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ; ಕಣ್ಣಿಗೆ ಬಿದ್ದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಹೋಗಿ. ನೆರಳಿಗೆ ಸೀ ಗ್ರೇಪ್ ಎಂಬ ಮರ ಹುಡುಕಿ. ಅದರ ಎಲೆ ಅಗಲ, ದುಂಡಗೆ, ಚರ್ಮದಂತೆ ದಪ್ಪ.

ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂಬದಿ ಓದಿ. ಹವಳಕ್ಕೆ ಹಾನಿಯೆಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವವನ್ನು ಇಲ್ಲಿ 2020ರಿಂದ ನಿಷೇಧಿಸಲಾಗಿದೆ. ಜಿಂಕ್ ಆಕ್ಸೈಡಿನದು ಆಗುತ್ತದೆ. ತುಂಬುತೋಳಿನ ಈಜುಡುಗೆ ಇದ್ದರೆ ಅದೂ ಅರ್ಧ ಸಾಕು.