ಬಾಯಿ ಒಂದು ಕಡೆ, ಹಾಡು ಇನ್ನೊಂದು ಕಡೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಮಾಧ್ಯಮ ವಿದ್ಯಾರ್ಥಿಗಳಿಂದ ಒಂದೇ ತರದ ಪ್ರಶ್ನೆಗಳು ಬರುತ್ತವೆ. ಪ್ರಾಜೆಕ್ಟ್‌ಗೆ ಮ್ಯೂಸಿಕ್ ವಿಡಿಯೊ ಮಾಡಿದ್ದೇವೆ, ಸೋಮವಾರ ಕೊಡಬೇಕು, ಏನೋ ಕೆಟ್ಟಿದೆ, ಬೇಗ ಹೇಳಿ ಮೇಡಂ. ಸ್ಟೋರಿಬೋರ್ಡ್ ಅಂದರೇನು, ಫೋಕಸ್ ಮಾಡುವುದು ಹೇಗೆ ಅಂತೆಲ್ಲ ನಾನಿಲ್ಲಿ ಹೇಳುವುದಿಲ್ಲ. ಅದಕ್ಕೆ ನಿಮ್ಮ ಮೇಷ್ಟ್ರು ಇದ್ದಾರೆ. ಪದೇ ಪದೇ ಬಂದು ತಲೆ ತಿನ್ನುವ ಪ್ರಶ್ನೆಗಳಿಗೆ ಮಾತ್ರ ಇಲ್ಲಿ ಉತ್ತರ.

ಪ್ರಶ್ನೆ: ನಮ್ಮ ವಿಡಿಯೊದಲ್ಲಿ ಪಲ್ಲವಿಗೆ ಬಾಯಿ ಸರಿಯಾಗಿ ಕೂತಿದೆ, ಎರಡನೇ ಚರಣ ಬರುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಅಬ್ಬಿ ಜಲಪಾತದ ಹತ್ತಿರ ತೆಗೆದ ಶಾಟ್‌ಗಳಂತೂ ಎಲ್ಲಿಗೂ ಹೊಂದುತ್ತಿಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೆ ಸರಿಯಾಗುತ್ತದೆ? – ಪತ್ರಿಕೋದ್ಯಮ ವಿದ್ಯಾರ್ಥಿನಿ, ಮಡಿಕೇರಿ

ಎಲ್ಲದಕ್ಕೂ ಮದ್ದಾಗುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಲಿಪ್ ಸಿಂಕ್, ಅಂದರೆ ಬಾಯಿಗೂ ಹಾಡಿಗೂ ಇರುವ ಹೊಂದಾಣಿಕೆ, ಕೆಡುವುದು ಶೂಟಿಂಗ್ ದಿನ. ಎಡಿಟಿಂಗ್ ಟೇಬಲ್ ಮೇಲೆ ಅದು ಗೊತ್ತಾಗುತ್ತದೆ ಅಷ್ಟೇ.

ಮೊದಲು ಒಂದು ಹೇಳಿ. ಶೂಟಿಂಗ್ ದಿನ ಸ್ಪೀಕರ್‌ನಲ್ಲಿ ಹಾಕಿದ ಹಾಡು, ಈಗ ಟೈಮ್‌ಲೈನ್‌ನಲ್ಲಿ ಇಟ್ಟಿರುವ ಹಾಡು, ಎರಡೂ ಒಂದೇ ಫೈಲಾ? ಅರ್ಧ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಗೆಳೆಯ ಹಾಡಿದ್ದು ಸ್ವಲ್ಪ ಶ್ರುತಿ ತಪ್ಪಿತ್ತು, ಶೂಟಿಂಗ್ ಆದಮೇಲೆ ಇನ್ನೊಂದು ಸಲ ಚೆನ್ನಾಗಿ ರೆಕಾರ್ಡ್ ಮಾಡಿದೆವು ಅಂತಾರೆ. ಲಯ ಕೂದಲೆಳೆಯಷ್ಟು ಬದಲಾದರೂ ಮೂರು ನಿಮಿಷದಲ್ಲಿ ಎಲ್ಲ ಕೈ ತಪ್ಪಿಹೋಗುತ್ತದೆ. ಹಾಡಿನ ರೆಕಾರ್ಡಿಂಗ್ ಕೆಲಸ ಪೂರ್ತಿ ಮುಗಿಯುವವರೆಗೆ ಕ್ಯಾಮೆರಾ ಮುಟ್ಟಬೇಡಿ. ಮತ್ತೆ, ಬೆಟ್ಟದ ಮೇಲೆ ನಿಂತು ಯೂಟ್ಯೂಬ್‌ನಿಂದ ಹಾಡು ಹಾಕುವವರೂ ಇದ್ದಾರೆ. ನಮ್ಮ ಊರಿನ ನೆಟ್‌ವರ್ಕ್ ನಿಮಗೆ ಗೊತ್ತಿಲ್ವಾ? ಫೈಲ್ ಫೋನಿನಲ್ಲೇ ಇರಲಿ, ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ.

ಫೈಲ್ ಒಂದೇ ಅಂತಾದರೆ ರೋಗ ಬೇರೆ. ಮೊದಲು ಸರಿಯಿದ್ದು ಬರುಬರುತ್ತಾ ಜಾರುತ್ತದೆ ಅಂದರೆ ಹೆಚ್ಚಾಗಿ ಅದು ಫೋನಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಕಿತಾಪತಿ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ಅಂತ ಇರುತ್ತದೆ, ಆದರೆ ಬೆಳಕು ಕಡಿಮೆಯಾದ ತಕ್ಷಣ ಫೋನ್ ತನಗೆ ಬೇಕಾದಂತೆ ಅದನ್ನು ಏರಿಳಿಸುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಕಾಫಿ ತೋಟದೊಳಗೆ ಸಿಲ್ವರ್ ಓಕ್ ನೆರಳಲ್ಲಿ, ಮಂಜು ಕವಿದ ಬೆಳಗಿನಲ್ಲಿ ನೀವು ತೆಗೆಯುವುದೆಲ್ಲ ಕಡಿಮೆ ಬೆಳಕಿನಲ್ಲೇ ಅಲ್ವಾ? ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಎಲ್ಲ ಫ್ರೇಮೂ ಒಂದೇ ಅಳತೆಯಲ್ಲಿದೆ ಅಂದುಕೊಂಡು ಜೋಡಿಸುತ್ತದೆ. ಈಗಾಗಲೇ ತೆಗೆದಾಗಿದ್ದರೆ, ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎಲ್ಲ ಕ್ಲಿಪ್‌ಗಳನ್ನೂ ಸ್ಥಿರ ಫ್ರೇಮ್ ರೇಟ್‌ಗೆ ಬದಲಾಯಿಸಿಕೊಂಡು, ಆಮೇಲೆ ಎಡಿಟಿಂಗ್ ಶುರು ಮಾಡಿ. ಇನ್ನೂ ತೆಗೆದಿಲ್ಲ ಅಂದರೆ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ, ನಿಮ್ಮ ಫೋನಿಗೆ ಹೊಂದಿದರೆ ಅದನ್ನು ಹಾಕಿಕೊಂಡು 25 ಫ್ರೇಮ್‌ಗೆ ಕಟ್ಟಿಹಾಕಿ.

ಜಾರುವುದಿಲ್ಲ, ಆದರೆ ಶುರುವಿನಿಂದ ಕೊನೆತನಕ ಒಂದೇ ಸಮ ತಡ ಅಂತಾದರೆ ದೂರ ನೋಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮಿಗೆ 13-14 ಮೀಟರ್ ಬಿತ್ತು. ಹಾಡುವವನು ಗದ್ದೆಯ ಆ ತುದಿಯಲ್ಲಿ, ಸ್ಪೀಕರ್ ಅವನ ಕಾಲ ಬುಡದಲ್ಲಿ, ಕ್ಯಾಮೆರಾ 40 ಮೀಟರ್ ಈಚೆ. ಕ್ಯಾಮೆರಾದಲ್ಲಿ ಸದ್ದು ಮೂರು ಫ್ರೇಮ್ ತಡವಾಗಿ ದಾಖಲಾಗಿರುತ್ತದೆ. ಆ ಸದ್ದಿನ ಅಲೆ ನೋಡಿಕೊಂಡು ಸಾಫ್ಟ್‌ವೇರ್ ತಾನೇ ಜೋಡಿಸಿದರೆ ಮೂರು ಫ್ರೇಮ್ ತಪ್ಪಾಗಿಯೇ ಜೋಡಿಸುತ್ತದೆ, ನಿಮಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕೈಯಿಂದ ಅಷ್ಟು ಫ್ರೇಮ್ ಸರಿಸಿ, ಮುಗೀತು. ಬ್ಲೂಟೂತ್ ಸ್ಪೀಕರ್‌ನಿಂದ ಸಿಂಕ್ ಹೋಗುತ್ತದೆ ಅಂತ ಯಾರೋ ಹೇಳಿದರಂತೆ. ಒಂದೇ ಸ್ಪೀಕರ್ ಆದರೆ ಹಾಗೇನೂ ಆಗುವುದಿಲ್ಲ, ಹಾಡುವವನೂ ಕ್ಯಾಮೆರಾವೂ ಅದೇ ಸದ್ದನ್ನು ಕೇಳುತ್ತಿರುತ್ತವೆ. ಒಬ್ಬನಿಗೆ ಇಯರ್‌ಬಡ್, ಇನ್ನೊಬ್ಬನಿಗೆ ಸ್ಪೀಕರ್ ಅಂತ ಮಾಡಿದಾಗ ಗಲಾಟೆ.

ಇನ್ನು ಅಬ್ಬಿ. ಅಲ್ಲಿ ನೀರಿನ ಅಬ್ಬರಕ್ಕೆ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ, ನಿಮ್ಮ ಅಂಗೈ ಅಗಲದ ಸ್ಪೀಕರ್ ಏನು ಮಾಡೀತು? ಹಾಡುವವರು ಅಂದಾಜಿನ ಮೇಲೆ ಬಾಯಾಡಿಸಿದ್ದಾರೆ, ಕ್ಯಾಮೆರಾದಲ್ಲಿ ಬರೀ ಭೋರ್ ಅನ್ನುವ ಸದ್ದಿದೆ. ಆ ಶಾಟ್‌ಗಳಲ್ಲಿ ಬಾಯಿ ಕಾಣದ್ದನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಮರೆತುಬಿಡಿ. ಇನ್ನೊಮ್ಮೆ ಹೋಗುವುದಾದರೆ ಕ್ಯಾಮೆರಾಗೆ ಕಾಣದ ಕಡೆಯ ಕಿವಿಗೆ ಒಂದು ಇಯರ್‌ಬಡ್ ಹಾಕಿ. ರೆಕಾರ್ಡಿಂಗ್ ಶುರುವಾದಮೇಲೆ, ಹಾಡು ಓಡುತ್ತಿರುವ ಫೋನಿನ ಪರದೆಯನ್ನು ಎರಡು ಸೆಕೆಂಡ್ ಕ್ಯಾಮೆರಾ ಮುಂದೆ ಹಿಡಿಯಿರಿ. ಹಾಡಿನ ಎಷ್ಟನೇ ಸೆಕೆಂಡ್ ಅಂತ ಅದರಲ್ಲೇ ಕಾಣುತ್ತದೆ, ಸದ್ದಿಲ್ಲದೆಯೂ ಜೋಡಿಸಬಹುದು. ಇಯರ್‌ಬಡ್ ವೈರ್‌ಲೆಸ್ ಆದ್ದರಿಂದ ಕೆಲವು ಫ್ರೇಮ್ ತಡ ಇರುತ್ತದೆ, ಆದರೆ ಒಂದು ಶಾಟ್‌ನಲ್ಲಿ ಎಷ್ಟು ಸರಿಸಿದಿರೋ ಉಳಿದವಕ್ಕೂ ಹೆಚ್ಚುಕಡಿಮೆ ಅಷ್ಟೇ.

ಸಿಂಕ್ ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಕಣ್ಣು ಕಿರಿದು ಮಾಡಿ ಇಡೀ ಸಾಲು ನೋಡುತ್ತಾ ಕೂರಬೇಡಿ. ಪ, ಬ, ಮ ಎಲ್ಲೆಲ್ಲಿ ಬರುತ್ತದೆ ಹುಡುಕಿ. ಈ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ತುಟಿ ಮುಚ್ಚಿದ ಫ್ರೇಮಿಗೆ ಆ ಸದ್ದು ಕೂತರೆ ಸಾಲು ಕೂತ ಹಾಗೆ. ಶೂಟಿಂಗ್‌ನಲ್ಲಿ ಸುಮ್ನೆ ತುಟಿ ಅಲ್ಲಾಡಿಸಬೇಡಿ, ಗಂಟಲು ಬಿಟ್ಟು ಹಾಡಿ. ಕತ್ತಿನ ನರ, ಎದೆಯ ಉಸಿರು ಎಲ್ಲ ಕಾಣುತ್ತದೆ, ನಾಚಿಕೊಂಡು ಪಿಸುಗುಟ್ಟಿದ್ದೂ ಕಾಣುತ್ತದೆ.

ಪ್ಲಾನಿಂಗ್ ಅಂದರೆ ನನ್ನ ಪ್ರಕಾರ ಇದು: ಶೂಟಿಂಗ್‌ನಲ್ಲಿ ಹಾಕುವ ಪ್ಲೇಬ್ಯಾಕ್ ಫೈಲಿನಲ್ಲಿ ಹಾಡಿಗೆ ಮೊದಲು ನಾಲ್ಕು ಬೀಪ್ ಸೇರಿಸಿ, ಹಾಡುವವರಿಗೂ ಎತ್ತಿಕೊಳ್ಳುವುದಕ್ಕೆ ಆಯಿತು, ನಿಮಗೂ ಗುರುತು ಸಿಕ್ಕಿತು. ಒಂದು ಹಾಳೆಯಲ್ಲಿ ಹಾಡಿನ ಪ್ರತಿ ಸಾಲು, ಅದು ಶುರುವಾಗುವ ನಿಮಿಷ-ಸೆಕೆಂಡ್, ಅದರ ಪಕ್ಕದಲ್ಲಿ ಯಾವ ಜಾಗದಲ್ಲಿ ತೆಗೆಯುವುದು ಅಂತ ಬರೆಯಿರಿ. ಬೆಳಗ್ಗೆ ಮೊದಲ ಕೆಲಸವೇ ಒಂದೇ ಜಾಗದಲ್ಲಿ ಪೂರ್ತಿ ಹಾಡು, ದೂರದಿಂದ ಒಮ್ಮೆ, ಸೊಂಟದವರೆಗೆ ಒಮ್ಮೆ, ಮುಖ ಒಮ್ಮೆ. ಕೊಡಗಿನಲ್ಲಿ ಮಂಜು ಯಾವಾಗ ಬರುತ್ತದೆ, ಯಾವಾಗ ಎದ್ದುಹೋಗುತ್ತದೆ ಹೇಳೋಕಾಗಲ್ಲ. ಪಲ್ಲವಿಗೆ ಮಂಜಿದ್ದು ಚರಣಕ್ಕೆ ಸುಡುಬಿಸಿಲು ಬಂದರೆ ಯಾವ ಕಲರ್ ಕರೆಕ್ಷನ್ನೂ ಕಾಪಾಡುವುದಿಲ್ಲ. ಈ ಮೂರು ಟೇಕ್ ಕೈಯಲ್ಲಿದ್ದರೆ ಮಧ್ಯಾಹ್ನ ಮಳೆ ಹಿಡಿದುಕೊಂಡರೂ ನಿಮ್ಮ ವಿಡಿಯೊ ಇದೆ. ಮನೆಗೆ ಹೋಗುವ ಮೊದಲು ಅಲ್ಲೇ ಕೂತು ಒಂದು ಕ್ಲಿಪ್ಪನ್ನು ಹಾಡಿಗೆ ಜೋಡಿಸಿ ನೋಡಿ.

ಸ್ಲೋ ಮೋಷನ್‌ನಲ್ಲಿ ಹಾಡಬೇಕು ಅನ್ನುವ ಆಸೆ ಇದ್ದರೆ 50 ಫ್ರೇಮ್‌ನಲ್ಲಿ ತೆಗೆಯಿರಿ, ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಆ ವೇಗಕ್ಕೇ ಹಾಡಿಸಿ, ಎಡಿಟಿಂಗ್‌ನಲ್ಲಿ 25ಕ್ಕೆ ಇಳಿಸಿ. ಒಂದೊಂದೇ ಸಾಲು ಮಾಡಿ. ರ‍್ಯಾಪ್‌ಗೆ ಇದನ್ನು ಮಾಡಲು ಹೋದರೆ ನಾಲಿಗೆ ಮುರಿಯುತ್ತದೆ.

ಪ್ರಶ್ನೆ: ಸಿನಿಮಾ ಹಾಡು ಬಳಸಿ ಕೆಳಗೆ ಕ್ರೆಡಿಟ್ ಕೊಟ್ಟರೆ ಸಾಕಲ್ವಾ? ಹತ್ತು ಸೆಕೆಂಡ್ ಮಾತ್ರ ಆದರೆ ಕಾಪಿರೈಟ್ ಬರಲ್ಲ ಅಂತಾರಲ್ಲ?

ಯಾರು ಅಂತಾರೆ? ಹತ್ತು ಸೆಕೆಂಡಿನ ವಿನಾಯಿತಿ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕ್ರೆಡಿಟ್ ಕೊಡುವುದು ಒಳ್ಳೆಯ ಅಭ್ಯಾಸ, ಆದರೆ ಅದು ಅನುಮತಿ ಅಲ್ಲ. ಹಾಡಿನ ಶ್ರುತಿ ಸ್ವಲ್ಪ ಏರಿಸಿದರೆ ಯೂಟ್ಯೂಬ್‌ಗೆ ಗೊತ್ತಾಗಲ್ಲ ಅಂತ ರೀಲ್ಸ್‌ನಲ್ಲಿ ಪಾಠ ಮಾಡುವ ಮಹಾಶಯರನ್ನು ನಂಬಬೇಡಿ. ಕಾಲೇಜಿನೊಳಗೆ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರ ಮುಂದೆ ವಿದ್ಯಾರ್ಥಿಗಳು ಪ್ರದರ್ಶನ ಕೊಡುವುದಕ್ಕೆ ಕಾನೂನಿನಲ್ಲಿ ಸಡಿಲಿಕೆ ಇದೆ, ಯೂಟ್ಯೂಬ್‌ಗೆ ಹಾಕಿದ ಮೇಲೆ ಅದು ತರಗತಿ ಅಲ್ಲ. ನೀವೇ ಹಾಡು ಕಟ್ಟಿ, ಇಲ್ಲ ಜನಪದಕ್ಕೆ ಬನ್ನಿ. ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದು 1924ರಲ್ಲಿ, ಅವರು ತೀರಿಕೊಂಡದ್ದು 1931ರಲ್ಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅನ್ನುವ ಅವಧಿ ಎಂದೋ ಮುಗಿದಿದೆ. ಆದರೆ ಅದೇ ಹಾಡನ್ನು ಈಚೆಗೆ ಯಾರೋ ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗ್ ಅವರದ್ದು. ದುಡಿ (ಪುಟ್ಟ ಚರ್ಮವಾದ್ಯ) ಬಾರಿಸುತ್ತಾ ಹಾಡುವ ಹಿರಿಯರು ಊರಲ್ಲಿದ್ದರೆ ಹೋಗಿ ಕೇಳಿ, ಒಪ್ಪಿದರೆ ನೀವೇ ರೆಕಾರ್ಡ್ ಮಾಡಿಕೊಳ್ಳಿ.

ಪ್ರಶ್ನೆ: ಯಾವ ಕ್ಯಾಮೆರಾ ತಗೊಳ್ಳಲಿ?

ತಗೊಳ್ಳಬೇಡಿ. ಕೈಯಲ್ಲಿರುವ ಫೋನ್ ಸಾಕು, ಟ್ರೈಪಾಡ್ ತಗೊಳ್ಳಿ.

ಪ್ರಶ್ನೆ: ವಿಡಿಯೊ ಬಣ್ಣವನ್ನು ಸಿನಿಮಾದಂತೆ ಮಾಡುವ ‘ಸಿನಿಮಾ ಲುಕ್’ ಪ್ಯಾಕ್ 499 ರೂಪಾಯಿಗೆ ಸಿಗುತ್ತಿದೆ, ಕೊಳ್ಳಬಹುದಾ?

ಆ ದುಡ್ಡಿಗೆ ನಿಮ್ಮ ತಂಡಕ್ಕೆ ಕಡಂಬುಟ್ಟು (ಅಕ್ಕಿ ಕಡುಬು) ತಿನ್ನಿಸಿ, ಖುಷಿಯಾಗಿ ಕೆಲಸ ಮಾಡುತ್ತಾರೆ.

ಪ್ರಶ್ನೆ: ಕಾಲೇಜು ಹಾಲ್‌ನಲ್ಲಿ ತೆಗೆದದ್ದೆಲ್ಲ ಮಿಣುಕುತ್ತಿದೆ.

ನಮ್ಮ ಕರೆಂಟ್ 50 ಹರ್ಟ್ಸ್. ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ.

ಪ್ರಶ್ನೆ: ಮಾಂದಲಪಟ್ಟಿಯಲ್ಲಿ ಡ್ರೋನ್ ಹಾರಿಸಬಹುದಾ? ಚಿಕ್ಕದು, 250 ಗ್ರಾಂ ಒಳಗೇ ಇದೆ.

ಚಿಕ್ಕದಾದರೆ ಪೈಲಟ್ ಸರ್ಟಿಫಿಕೇಟ್ ಬೇಡ, ಅಷ್ಟು ಮಾತ್ರ. ಕಾಡಿನ ಮೇಲೆ ಹಾರಿಸಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು. ನನ್ನನ್ನು ಕೇಳಿದರೆ, ಬೇಡ.

ಪ್ರಶ್ನೆ: ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆ) ಕುಪ್ಯಚೇಲೆ (ಕೊಡವ ಗಂಡಸರ ಸಾಂಪ್ರದಾಯಿಕ ಉಡುಗೆ) ಹಾಕಿ ಡ್ಯಾನ್ಸ್ ಶೂಟ್ ಮಾಡಬೇಕು ಅಂತಿದೆ.

ಅದು ಸೆಟ್ ಅಲ್ಲ. ಒಬ್ಬ ಗೆಳೆಯ ‘ನಮ್ಮದೇ ಮನೆ, ಬನ್ನಿ’ ಅಂದರೆ ಸಾಲದು, ಐನ್‌ಮನೆ ಇಡೀ ಒಕ್ಕದ್ದು, ಅಂದರೆ ಒಂದೇ ವಂಶದ ಎಲ್ಲರದ್ದು. ಹಿರಿಯರ ಹತ್ತಿರ ಹೋಗಿ ಹಾಡು ಕೇಳಿಸಿ, ಏನು ಮಾಡುತ್ತೀರಿ ಅಂತ ಹೇಳಿ, ನೆಲ್ಲಕ್ಕಿ ಬೊಳಕ್‌ನ (ಮನೆಯ ಪವಿತ್ರ ದೀಪ) ಹತ್ತಿರ ಕ್ಯಾಮೆರಾ ಒಯ್ಯಬಹುದಾ ಅಂತ ಬೇರೆಯಾಗಿಯೇ ಕೇಳಿ. ಉಡುಗೆಯ ಜೊತೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಆಟದ ಸಾಮಾನಲ್ಲ, ಹೇಗೆ ಸಿಕ್ಕಿಸಿಕೊಳ್ಳಬೇಕು ಅನ್ನುವುದನ್ನೂ ಅವರಿಂದಲೇ ಕಲಿತುಕೊಳ್ಳಿ. ಬೇಡ ಅಂದರೆ ವಾದ ಮಾಡದೆ ವಾಪಸ್ ಬನ್ನಿ.

ಪ್ರಶ್ನೆ: ಕಾಫಿ ಹೂವಿನ ಶಾಟ್ ಬೇಕೇ ಬೇಕು. ಯಾವ ತಾರೀಕಿಗೆ ಹೋಗಲಿ?

ತಾರೀಕು ನಾನು ಹೇಗೆ ಹೇಳಲಿ? ಬೇಸಿಗೆಯ ಹೂಮಳೆ ಬಿದ್ದು ವಾರ-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಹೂ ಕಂದುತ್ತದೆ. ತೋಟದವರನ್ನು ಈಗಲೇ ಕೇಳಿಟ್ಟುಕೊಳ್ಳಿ, ಮಳೆ ಬಿದ್ದ ದಿನ ಒಂದು ಫೋನ್ ಮಾಡಿ ಅನ್ನಿ. ಗಿಡದ ಸಾಲಿನೊಳಗೆ ನುಗ್ಗಿ ಕೊಂಬೆ ಅಲ್ಲಾಡಿಸಬೇಡಿ, ಅವರ ವರ್ಷದ ಫಸಲು ಅದರಲ್ಲಿರುತ್ತದೆ. ಜೇನುಹುಳ ಬೇರೆ ತುಂಬಿರುತ್ತವೆ.