ಆ ಒಂದು ಪೆನಾಲ್ಟಿಗೇ ಲೆಕ್ಕ ಮುಗಿಸಬೇಡಿ

ಪ್ರಿಯ ಓದುಗರೇ,

1994ರ ಫುಟ್‌ಬಾಲ್ ವಿಶ್ವಕಪ್‌ನ ರೊಮೇನಿಯಾ-ಸ್ವೀಡನ್ ಕ್ವಾರ್ಟರ್ ಫೈನಲ್ ವಿಡಿಯೊ ನೋಡಿ ಪತ್ರ ಬರೆದಿದ್ದೀರಿ. 'ಕೊನೆಯ ಪೆನಾಲ್ಟಿ ಹಾಳು ಮಾಡಿದ ರೊಮೇನಿಯಾದ ಬೆಲೊಡೆಡಿಚ್‌ನನ್ನು ದೊಡ್ಡ ಡಿಫೆಂಡರ್ ಅಂತಾರಲ್ಲ, ಯಾಕೆ? ದೇಶ ಬಿಟ್ಟು ಓಡಿಹೋದವನು ಬೇರೆ' ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ತೀರ್ಪನ್ನು ಒಪ್ಪಲಾರೆ.

ಮೊದಲು ಆ ಪೆನಾಲ್ಟಿ ವಿಷಯ. ಪಂದ್ಯ 2-2ರಲ್ಲಿ ನಿಂತಿತ್ತು. ಗೆದ್ದವರನ್ನು ತೀರ್ಮಾನಿಸಲು ನಡೆದ ಪೆನಾಲ್ಟಿ ಶೂಟೌಟ್‌ನಲ್ಲಿ ರೊಮೇನಿಯಾದ ಡಾನ್ ಪೆಟ್ರೆಸ್ಕು ಒದ್ದ ಚೆಂಡನ್ನೂ ಸ್ವೀಡನ್ ಗೋಲಿ ಥಾಮಸ್ ರವೆಲ್ಲಿ ತಡೆದಿದ್ದರು. ಐದೈದು ಒದೆತ ಮುಗಿದಾಗ 4-4. ಆಮೇಲೆ ಸ್ವೀಡನ್‌ನ ಲಾರ್ಸನ್ ಗೋಲು ಹೊಡೆದರು, ಬೆಲೊಡೆಡಿಚ್ ಒದ್ದದ್ದನ್ನು ರವೆಲ್ಲಿ ತಡೆದರು. ಕೊನೆಗೆ ಒದ್ದವರು ಅವರೇ ಆದ್ದರಿಂದ ಎಲ್ಲರಿಗೂ ಅವರ ಮುಖವೇ ನೆನಪಿದೆ.

ಈಗ ನೀವು ನೋಡದ ಎರಡು ಪಂದ್ಯಗಳಿಗೆ ಬನ್ನಿ. 1986ರ ಮೇ 7, ಸ್ಪೇನ್‌ನ ಸೆವಿಯಾ. ಯುರೋಪಿಯನ್ ಕಪ್ ಫೈನಲ್, ಅಂದರೆ ಈಗಿನ ಚಾಂಪಿಯನ್ಸ್ ಲೀಗ್. ಬಾರ್ಸಿಲೋನಾ ಎದುರು ರೊಮೇನಿಯಾ ರಾಜಧಾನಿ ಬುಕಾರೆಸ್ಟ್‌ನ ಸ್ಟೆಯಾವಾ ಕ್ಲಬ್. ಸ್ಟೆಯಾವಾ ಪರ ಆಡಿದ ಬೆಲೊಡೆಡಿಚ್‌ಗೆ ಆಗ 21 ವರ್ಷ. 120 ನಿಮಿಷ ಬಾರ್ಸಿಲೋನಾಗೆ ಒಂದು ಗೋಲೂ ಸಿಗಲಿಲ್ಲ. ಶೂಟೌಟ್‌ನಲ್ಲಿ ಸ್ಟೆಯಾವಾ ಗೋಲಿ ಡುಕಡಾಮ್ ನಾಲ್ಕಕ್ಕೆ ನಾಲ್ಕೂ ತಡೆದರು, ಕಪ್ ಸ್ಟೆಯಾವಾಗೆ ಬಂತು. ಹೆಸರೆಲ್ಲ ಅವರಿಗೇ ಹೋಯಿತು, ನ್ಯಾಯವೇ. ಆದರೆ ಅಷ್ಟು ಹೊತ್ತು ಪಂದ್ಯವನ್ನು ಅಲ್ಲಿಗೆ ಎಳೆದು ತಂದವರು ಯಾರು? ಹಿಂದಿನ ಸಾಲಿನವರು ಅಲ್ವಾ!

ಇನ್ನೊಂದು, ಅದೇ ಕಪ್‌ನ 1991ರ ಫೈನಲ್: ಮೇ 29, ಇಟಲಿಯ ಬಾರಿ ನಗರ. ಈ ಸಲ ಅವರು ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡದಲ್ಲಿ. ಎದುರು ಪಾಪಾನ್, ವಾಡಲ್‌ರಂಥ ದಾಳಿಕಾರರಿದ್ದ ಫ್ರಾನ್ಸ್‌ನ ಮಾರ್ಸೇ. ಮತ್ತೆ 0-0. ಶೂಟೌಟ್‌ನಲ್ಲಿ ಬೆಲೊಡೆಡಿಚ್ ತಮ್ಮ ಪೆನಾಲ್ಟಿಯನ್ನು ಗೋಲಾಗಿಸಿದರು, ರೆಡ್ ಸ್ಟಾರ್ 5-3ರಿಂದ ಗೆದ್ದಿತು. ಎರಡು ಬೇರೆ ಬೇರೆ ಕ್ಲಬ್‌ಗಳ ಪರ ಫೈನಲ್ ಆಡಿ ಈ ಕಪ್ ಗೆದ್ದ ಮೊದಲ ಆಟಗಾರ ಅವರೇ. ಎರಡು ಫೈನಲ್, 240 ನಿಮಿಷ, ಎದುರಾಳಿಗೆ ಸೊನ್ನೆ ಗೋಲು. ಡಿಫೆಂಡರ್‌ಗೆ ಇದಕ್ಕಿಂತ ದೊಡ್ಡ ಸ್ಕೋರ್ ಬೇಕೇ?

ಅವರು ಆಡುತ್ತಿದ್ದದ್ದು ಲಿಬೆರೊ ಜಾಗದಲ್ಲಿ. ಉಳಿದ ಡಿಫೆಂಡರ್‌ಗಳು ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತಿದರೆ, ಲಿಬೆರೊ ಯಾರಿಗೂ ಅಂಟಿಕೊಳ್ಳದೆ ಹಿಂದೆ ನಿಲ್ಲುತ್ತಾನೆ. ಪಾಸ್ ಎಲ್ಲಿ ಬೀಳುತ್ತದೆ ಎಂದು ಮೊದಲೇ ಊಹಿಸಿ ಅಲ್ಲಿರಬೇಕು. ಚೆಂಡು ಸಿಕ್ಕರೆ ಸುಮ್ನೆ ದೂರ ಒದೆಯುವಂತಿಲ್ಲ, ತಾನೇ ಮುಂದೆ ಒಯ್ದು ಆಟ ಶುರು ಮಾಡಬೇಕು. ಸರಿಯಾಗಿ ಮಾಡಿದರೆ ಕೆಲಸ ಮಾಡಿದ್ದೇ ಗೊತ್ತಾಗುವುದಿಲ್ಲ.

ಇನ್ನು 'ಓಡಿಹೋದವನು' ಎಂಬ ಮಾತು. ಅದು ನನಗೆ ಜಾಸ್ತಿ ನೋವು ಕೊಟ್ಟಿತು. ಬೆಲೊಡೆಡಿಚ್ ಹುಟ್ಟಿದ್ದು ಸರ್ಬಿಯಾ ಗಡಿಯಂಚಿನ ಸೊಕೊಲ್ ಎಂಬ ರೊಮೇನಿಯಾದ ಊರಿನಲ್ಲಿ, ಸರ್ಬಿಯನ್ ಮನೆತನದಲ್ಲಿ. ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆಯ ಕಾಲ. ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲ, ಸ್ಟೆಯಾವಾ ಸೈನ್ಯದ ಕ್ಲಬ್ ಬೇರೆ. 1988ರ ಕೊನೆಯಲ್ಲಿ ಅವರು ಯುಗೊಸ್ಲಾವಿಯಾಗೆ (ಸರ್ಬಿಯಾ ಆಗ ಅದರ ಭಾಗ) ದಾಟಿದರು. ದೇಶದ್ರೋಹವೆಂದು, ಅವರ ಗೈರುಹಾಜರಿಯಲ್ಲೇ 10 ವರ್ಷ ಜೈಲು ವಿಧಿಸಿದರು. ಒಂದು ವರ್ಷ ಆಡದಂತೆ ನಿಷೇಧವೂ ಬಿತ್ತು. 1989ರ ಡಿಸೆಂಬರ್‌ನಲ್ಲಿ ಆ ಸರ್ಕಾರವೇ ಉರುಳಿತು. ಬೆಲೊಡೆಡಿಚ್ 1992ರಲ್ಲಿ ರೊಮೇನಿಯಾ ತಂಡಕ್ಕೆ ಮರಳಿದರು. ಸ್ಪೇನ್‌ನ ವಲೆನ್ಸಿಯಾ, ಮೆಕ್ಸಿಕೊದ ಅಟ್ಲಾಂಟೆ ಕ್ಲಬ್ ಎಂದೆಲ್ಲ ಸುತ್ತಿ 1998ರಲ್ಲಿ ಮತ್ತೆ ಸ್ಟೆಯಾವಾಗೇ ಬಂದರು. ದೇಶ ಬೇಡವಾಗಿದ್ದವರು ಹೀಗೆ ಮರಳುತ್ತಾರಾ?

ಬಿಡುವಾದಾಗ ಬಾರಿಯ ಫೈನಲ್ ನೋಡಿ. ಗೋಲಿಲ್ಲದ ಪಂದ್ಯ, ಬೋರಾಗಬಹುದು. ಚೆಂಡನ್ನು ಬಿಟ್ಟು ಹತ್ತು ನಿಮಿಷ ಬೆಲೊಡೆಡಿಚ್‌ರನ್ನೇ ಗಮನಿಸಿ, ಕಂಡದ್ದನ್ನು ನಮಗೆ ಬರೆಯಿರಿ.

– ಸಂಪಾದಕ